ಆರು ಸೆಕೆಂಡಿನ ಫಸ್ಟ್ ಏಡ್ ಕಿಟ್ (ನೈಟ್ ಡ್ಯೂಟಿ ಮಾತು – 23)

ಹೋದ ಸಲದ ಬಾಡಿಗೆ ಮನೆ ಪುರಾಣಕ್ಕೆ ಬಂದ ಕಾಮೆಂಟುಗಳಿಗೆ ಉತ್ತರ ಕೊಡಲಿಲ್ಲ ಅಂತ ಬೇಜಾರು ಮಾಡ್ಕೋಬೇಡಿ, ಒಂದರ ಹಿಂದೆ ಒಂದು ನಾಲ್ಕು ನೈಟ್ ಇತ್ತು. ಈ ವಾರ ಬರೆಯಬೇಕು ಅಂತಿದ್ದದ್ದೇ ಬೇರೆ. ಆದರೆ ಮೊನ್ನೆ ರಾತ್ರಿ ಮೂರು ಗಂಟೆಗೆ ಬ್ರೇಕಿನಲ್ಲಿ ಫೋನ್ ತೆಗೆದರೆ ಕೊಪ್ಪದಿಂದ ಅಕ್ಕನ ಏಳು ವಾಯ್ಸ್ ಮೆಸೇಜು. ಊರಲ್ಲಿ ಆಗ ಹತ್ತೂವರೆ. ಯಾರಿಗೆ ಏನಾಯ್ತೋ ಅಂತ ಎದೆ ಧಸಕ್ ಅಂತು. ಪರದೇಶದಲ್ಲಿರುವವರಿಗೆ ಗೊತ್ತು ಆ ಹೆದರಿಕೆ.

ಏನೂ ಆಗಿರಲಿಲ್ಲ. ಪುಟ್ಟನ ಫೋನನ್ನು ಭಾವ ಕಿತ್ತು ಬೀರುವಿನಲ್ಲಿ ಇಟ್ಟು ಬೀಗ ಹಾಕಿದ್ದರು. ಹುಡುಗ ಊಟ ಬಿಟ್ಟು ಕೂತಿದ್ದ. ಒಂಬತ್ತನೇ ಕ್ಲಾಸು, ಬಿಜಿಎಂಐ ಹುಚ್ಚು, ಕಿವಿಗೆ ಇಯರ್‌ಫೋನ್ ಹಾಕಿಕೊಂಡು "ಹೊಡಿ ಹೊಡಿ, ಅವ್ನ ಮುಗ್ಸು" ಅಂತ ಕೂಗಿದ್ದು ಜಗಲಿಯಲ್ಲಿ ಕೂತ ನೆಂಟರಿಗೂ ಕೇಳಿಸಿದೆಯಂತೆ. ಭಾವನಿಗೆ ಮರ್ಯಾದೆ ಹೋಯ್ತು. "ಬಂದೂಕಿನ ಆಟ ಆಡಿ ಆಡಿ ಮಾಣಿ ಹಾಳಾದ, ನೀನಾದ್ರೂ ಹೇಳು ಮಾರಾಯ್ತಿ" ಅಂತ ಅಕ್ಕ.

ಮಾರನೇ ದಿನ ನಿದ್ದೆ ಮುಗಿಸಿ ಫೋನ್ ಮಾಡಿ ಪುಟ್ಟನ ಹತ್ತಿರ, "ಎಂತದಾ ಅದು, ನಂಗೂ ಸ್ವಲ್ಪ ಹೇಳು" ಅಂದೆ. ಅಷ್ಟು ಕೇಳಿದ್ದೇ ತಡ. "ಚಿಕ್ಕಿ, ಎಸ್‌ಎಂಜಿ ಅಂದ್ರೆ ಹತ್ರದ ಫೈಟಿಗೆ. ಯುಎಂಪಿ ರಿಕಾಯಿಲ್ ಕಮ್ಮಿ, ಹೊಸಬ್ರಿಗೆ ಒಳ್ಳೇದು. ವೆಕ್ಟರ್ ಸಖತ್ ಫಾಸ್ಟು, ಆದ್ರೆ ಮ್ಯಾಗಜಿನ್ ಬೇಗ ಖಾಲಿ. ಊಝಿ ಸುರುವಿಗೆ ಸಾಕು. ಬೈಸನ್, ಟಾಮಿ ಗನ್, ಎಂಪಿ ಫೈವ್ ಕೆ..." ಅಂತ ಇಪ್ಪತ್ತು ನಿಮಿಷ. ನಾನು ಬಿಎಸ್ಸಿ ನರ್ಸಿಂಗಿನಲ್ಲಿ ಫಾರ್ಮಕಾಲಜಿಯನ್ನು ಇಷ್ಟು ಶ್ರದ್ಧೆಯಿಂದ ಓದಿದ್ದರೆ ಗೋಲ್ಡ್ ಮೆಡಲ್ ಬರ್ತಿತ್ತು. ಕೊನೆಗೆ ಒಂದು ಮಾತು ಹೇಳಿದ. ಈ ಬರಹ ಬರೆಯೋಕೆ ಕಾರಣ ಆ ಮಾತು. "ಎಸ್‌ಎಂಜಿ ಏಟು ಬಿದ್ರೆ ದೊಡ್ಡದೇನಲ್ಲ ಚಿಕ್ಕಿ. ಡ್ಯಾಮೇಜ್ ಕಮ್ಮಿ. ಫಸ್ಟ್ ಏಡ್ ಹಾಕ್ಕೊಂಡ್ರೆ ಆಯ್ತು, ಆರು ಸೆಕೆಂಡು."

ಆರು ಸೆಕೆಂಡು. ನಾನು ಒಂದು ಕ್ಯಾನುಲಾ ಹಾಕಲು ಕೈ ತೊಳೆಯೋದಕ್ಕೇ ಅದಕ್ಕಿಂತ ಹೊತ್ತು ಹಿಡೀತದೆ.

ಮೊದಲೇ ಹೇಳಿಬಿಡ್ತೀನಿ, ಗನ್ನಿನ ಗೇಮ್ ಆಡಿದವರೆಲ್ಲ ನಾಳೆ ಗನ್ ಹಿಡಿಯುತ್ತಾರೆ ಅನ್ನೋದನ್ನ ನಾನು ನಂಬೋದಿಲ್ಲ. ನನ್ನ ಜೊತೆ ಕೆಲಸ ಮಾಡುವ ಒಬ್ಬ ಡಾಕ್ಟರು ನೈಟ್ ಮುಗಿಸಿ ಮನೆಗೆ ಹೋಗಿ ಕೌಂಟರ್ ಸ್ಟ್ರೈಕ್ ಆಡುತ್ತಾರೆ, ಅವರಷ್ಟು ಮೆತ್ತಗೆ ರೋಗಿಯ ಹೊಟ್ಟೆ ಮುಟ್ಟಿ ನೋಡುವವರು ನಮ್ಮ ವಾರ್ಡಿನಲ್ಲಿ ಇನ್ನೊಬ್ಬರಿಲ್ಲ. ನನ್ನ ತಕರಾರು ಬೇರೆ. ಈ ಆಟಗಳು ಬಂದೂಕಿನ ವಿಷಯದಲ್ಲಿ ಎಷ್ಟು ಪ್ರಾಮಾಣಿಕವೋ ಗಾಯದ ವಿಷಯದಲ್ಲಿ ಅಷ್ಟೇ ಸುಳ್ಳು. ಯುಎಂಪಿಗೂ ಊಝಿಗೂ ಇರುವ ವ್ಯತ್ಯಾಸವನ್ನು ಗುಂಡಿನ ಅಳತೆ, ಸದ್ದು, ಒದೆತ ಎಲ್ಲ ಲೆಕ್ಕ ಹಾಕಿ ತೋರಿಸುತ್ತಾರೆ. ಗುಂಡು ಬಿದ್ದವನಿಗೆ ಮಾತ್ರ ಒಂದು ಹಸಿರು ಚಿಮ್ಮು, ಒಂದು ಡಬ್ಬಿ. ಹೌದು, ಹಸಿರು! ಬಿಜಿಎಂಐ 2021ರಲ್ಲಿ ಶುರುವಾದಾಗ ಸರ್ಕಾರದ, ತಂದೆ ತಾಯಿಯರ ಸಮಾಧಾನಕ್ಕೆ ರಕ್ತದ ಬಣ್ಣವನ್ನೇ ಹಸಿರು ಮಾಡಿದರು. ಕೆಂಪು ಕಂಡರೆ ಮಕ್ಕಳು ಹಾಳಾಗುತ್ತಾರಂತೆ. ನನ್ನ ಪ್ರಕಾರ ತಲೆಕೆಳಗಾದ ಲೆಕ್ಕ ಅದು. ತೋರಿಸೋದೇ ಆದರೆ ರಕ್ತವನ್ನು ರಕ್ತದ ಬಣ್ಣದಲ್ಲೇ ತೋರಿಸಬೇಕಿತ್ತು.

ಪುಟ್ಟನಿಗೆ ಬುದ್ಧಿ ಹೇಳುವ ಬದಲು ಒಂದು ಕಥೆ ಹೇಳಿದೆ. ನಿಮಗೂ ಹೇಳ್ತೀನಿ, ಇಲ್ಲಿಯದೇ ಕಥೆ.

ಸಿಡ್ನಿಯಿಂದ ದಕ್ಷಿಣಕ್ಕೆ ಹೆಲೆನ್ಸ್‌ಬರ್ಗ್ ಅಂತ ಊರಿದೆ, ಅಲ್ಲಿನ ವೆಂಕಟೇಶ್ವರ ದೇವಸ್ಥಾನದ ಫೋಟೋ ಹಾಕಿದ್ದೆನಲ್ಲ, ಪುಳಿಯೋಗರೆ ಪ್ರಸಾದದ ಜೊತೆ. ಅಲ್ಲಿಂದ ಇನ್ನೂ ಮುಂದೆ ಸಮುದ್ರದ ಪಕ್ಕ ಹೋದರೆ ವೊಲೊಂಗಾಂಗ್, ಅದರ ಮಗ್ಗುಲಲ್ಲಿ ಪೋರ್ಟ್ ಕೆಂಬ್ಲಾ, ಹೊಗೆ ಉಗುಳುವ ದೊಡ್ಡ ಉಕ್ಕಿನ ಕಾರ್ಖಾನೆ. ದೇವಸ್ಥಾನ ಮುಗಿಸಿ ನಾವು ಬೀಚಿಗೆ ಹೋಗೋದು ಆ ಕಡೆಗೇ. ವೊಲೊಂಗಾಂಗ್‌ನಲ್ಲಿ 1915ರಲ್ಲಿ ಹುಟ್ಟಿದ ಎವೆಲಿನ್ ಓವೆನ್ ಅನ್ನುವ ಹುಡುಗನಿಗೆ (ಹೆಸರು ಹೆಣ್ಣಿನದಿದ್ದ ಹಾಗಿದೆ, ಗಂಡು ಹುಡುಗನೇ) ಚಿಕ್ಕಂದಿನಿಂದ ಬಂದೂಕಿನದೇ ಹುಚ್ಚು. ನಮ್ಮ ಪುಟ್ಟನ ಹಾಗೆ, ಆದರೆ ಫೋನ್ ಇರಲಿಲ್ಲ, ಗ್ಯಾರೇಜ್ ಇತ್ತು. ಇಪ್ಪತ್ನಾಲ್ಕನೇ ವಯಸ್ಸಿಗೆ ಒಂದು ಪುಟ್ಟ ಸಬ್‌ಮಷಿನ್ ಗನ್ ತಾನೇ ಮಾಡಿ, 1939ರಲ್ಲಿ ಸಿಡ್ನಿಯ ವಿಕ್ಟೋರಿಯಾ ಬ್ಯಾರಕ್ಸಿಗೆ ತಗೊಂಡು ಹೋಗಿ ಸೈನ್ಯದವರಿಗೆ ತೋರಿಸಿದ. ಇಂಥದು ನಮಗೆ ಬೇಡ ಅಂತ ಕಳಿಸಿದರು. ಯುದ್ಧ ಶುರುವಾಯ್ತು, ಹುಡುಗ ಸೈನ್ಯ ಸೇರಿದ, ಗನ್ನನ್ನು ಸಕ್ಕರೆ ಚೀಲದಲ್ಲಿ ಸುತ್ತಿ ಮನೆ ಹತ್ತಿರ ಬಿಟ್ಟು ಹೋದ. ಪಕ್ಕದ ಮನೆಯ ವಿನ್ಸೆಂಟ್ ವಾರ್ಡೆಲ್ ಕಣ್ಣಿಗೆ ಆ ಚೀಲ ಬಿತ್ತು. ಆತ ಪೋರ್ಟ್ ಕೆಂಬ್ಲಾದ ಲೈಸಾಟ್ ಕಾರ್ಖಾನೆಯ ಮ್ಯಾನೇಜರು. ಅಲ್ಲಿಂದ ಕಥೆ ತಿರುಗಿತು.

ತಿರುಗಿದರೂ ಸಲೀಸಾಗಿ ಓಡಲಿಲ್ಲ. ಸರ್ಕಾರಿ ಕಚೇರಿ ಎಲ್ಲಿದ್ದರೂ ಒಂದೇ. ಈ ಅಳತೆಯ ಗುಂಡಿಗೆ ಮಾಡಿ ತನ್ನಿ, ಅಲ್ಲ ಆ ಅಳತೆಗೆ, ಅಲ್ಲ ಇನ್ನೊಂದಕ್ಕೆ ಅಂತ ಸೈನ್ಯದವರು ನಾಲ್ಕೈದು ಥರ ಮಾಡಿಸಿದರು. ಪುಟ್ಟ 'ವೇರಿಯಂಟ್' ಅನ್ನುತ್ತಾನಲ್ಲ, ಅದರಲ್ಲಿ ಅರ್ಧ ಹುಟ್ಟಿದ್ದು ಫೈಲಿನ ಓಡಾಟದಿಂದ. ಕೊನೆಗೆ 9 ಎಂಎಂಗೆ ನಿಂತಿತು. 1941ರಲ್ಲಿ ಪರೀಕ್ಷೆ: ಅಮೆರಿಕದ ಥಾಮ್ಸನ್ (ಪುಟ್ಟನ ಟಾಮಿ ಗನ್), ಇಂಗ್ಲೆಂಡಿನ ಸ್ಟೆನ್, ಇವರ ಓವೆನ್. ಕೆಸರಲ್ಲಿ ಮುಳುಗಿಸಿದರು, ಮರಳು ಸುರಿದರು. ಉಳಿದವು ಕಚ್ಚಿಕೊಂಡು ನಿಂತವು, ಓವೆನ್ ಹಾರಿತು. ಅದರ ಗುಂಡಿನ ಮ್ಯಾಗಜಿನ್ ಕೆಳಗಲ್ಲ, ಮೇಲೆ ಇರೋದು. ಗುಂಡು ತನ್ನ ಭಾರಕ್ಕೂ ಕೆಳಗಿಳಿಯುತ್ತೆ. ಖಾಲಿ ಕೋಶ ಹೊರಗೆ ಬೀಳುವ ಕಿಂಡಿ ಅಡಿಯಲ್ಲಿ, ಒಳಗೆ ಸೇರಿದ ಕೆಸರೂ ಅದೇ ದಾರಿ ಹಿಡಿದು ಬೀಳುತ್ತೆ. ನ್ಯೂಗಿನಿಯ ಮಳೆಕಾಡಿಗೆ ಹೇಳಿ ಮಾಡಿಸಿದ ಹಾಗೆ. ನಮ್ಮ ಆಗುಂಬೆ ಮಳೆ ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಸುಮಾರು 45,000 ಮಾಡಿದರು. ಆಗಲೇ ಮೆಲ್ಬರ್ನ್‌ನಲ್ಲೂ ಒಂದು ಮಾಡುತ್ತಿದ್ದರು, ಆಸ್ಟೆನ್ ಅಂತ, ಸ್ಟೆನ್‌ಗೆ ಆಸ್ಟ್ರೇಲಿಯಾದ ಹೆಸರು ಅಂಟಿಸಿದ್ದು, ಮಡಚುವ ಬಟ್ಟು ಜರ್ಮನಿಯದರ ನಕಲು. ಸಿಪಾಯಿಗಳು ಅದನ್ನು ಅಷ್ಟು ಹಚ್ಚಿಕೊಳ್ಳಲಿಲ್ಲ. ಓವೆನ್ ಮಾತ್ರ ಕೊರಿಯಾ, ಮಲಯ ದಾಟಿ ವಿಯೆಟ್ನಾಂ ತನಕ ನಡೆಯಿತು. ಆಮೇಲೆ ಲಿತ್ಗೋದಲ್ಲಿ ಮಾಡಿದ ಎಫ್1 ಬಂತು, ಅದಕ್ಕೂ ಮೇಲೇ ಮ್ಯಾಗಜಿನ್. ಅದರ ನಂತರ ಇಲ್ಲಿಯ ಸೈನ್ಯ ಸಿಪಾಯಿಗಳ ಕೈಗೆ ಚಿಕ್ಕ ರೈಫಲ್ ಕೊಟ್ಟು ಸಬ್‌ಮಷಿನ್ ಗನ್ನನ್ನು ವಿಶೇಷ ಪಡೆಗಳಿಗೆ ಬಿಟ್ಟಿತು. ಪಿಸ್ತೂಲಿನ ಗುಂಡು ದೂರ ಹೋಗಲ್ಲ, ಕವಚ ತೂರಲ್ಲ ಅನ್ನುವ ಕಾರಣಕ್ಕೆ.

ಇಷ್ಟು ಹೇಳುವಾಗ ಪುಟ್ಟನ ಉಸಿರೂ ಕೇಳಿಸ್ತಿರಲಿಲ್ಲ. ಆಮೇಲೆ, "ಚಿಕ್ಕಿ, ಇದು ಕಾಲ್ ಆಫ್ ಡ್ಯೂಟಿ ವ್ಯಾನ್‌ಗಾರ್ಡಲ್ಲಿ ಉಂಟು! ಮ್ಯಾಗಜಿನ್ ಉಲ್ಟಾ ಇರೋದು! ವಿಡಿಯೋ ನೋಡಿದೀನಿ" ಅಂದ. ಹೌದಂತೆ, ಇದೆ. ಆಟದಲ್ಲಿ ಇಲ್ಲದ್ದನ್ನು ನಾನು ಸೇರಿಸಿದೆ. ಓವೆನ್ ನಿಮಿಷಕ್ಕೆ ಸುಮಾರು 700 ಗುಂಡಿನ ವೇಗದ್ದು, ಒಂದು ಮ್ಯಾಗಜಿನ್ನಿಗೆ 33 ಗುಂಡು. ಲೆಕ್ಕ ಹಾಕು ಅಂದೆ. ಹುಡುಗ ಗಣಿತದಲ್ಲಿ ಚುರುಕು. "ಮೂರು ಸೆಕೆಂಡೂ ಇಲ್ಲ" ಅಂದ. ಸರಿ, ಆ ಮೂರು ಸೆಕೆಂಡು ನೆನಪಿಟ್ಟುಕೋ ಅಂತ ಹೇಳಿ ಫೋನ್ ಇಟ್ಟೆ.

ಅವನಿಗೆ ಅವತ್ತು ಹೇಳದೆ ಬಿಟ್ಟದ್ದನ್ನು ಇಲ್ಲಿ ದೊಡ್ಡವರಿಗೆ ಹೇಳ್ತೀನಿ.

ನಾನು ಮೊದಲು ಬಂದಿಳಿದದ್ದು ಮೆಲ್ಬರ್ನ್‌ಗೆ. ರಿಜಿಸ್ಟ್ರೇಶನ್ ಆಗುವ ತನಕ ಒಂದು ವೃದ್ಧಾಶ್ರಮದಲ್ಲಿ ಸಹಾಯಕಿ ಕೆಲಸ. ಸ್ನಾನ ಮಾಡಿಸೋದು, ಊಟ ಕೊಡೋದು. ಅಲ್ಲೊಬ್ಬ ಅಜ್ಜ. ಅವರ ಕೇರ್ ಪ್ಲಾನಿನ ಮೇಲೆ ಕೆಂಪು ಅಕ್ಷರದಲ್ಲಿ ಬರೆದಿತ್ತು: ಮುಟ್ಟಿ ಎಬ್ಬಿಸಬೇಡಿ, ಕಾಲ ಕಡೆ ನಿಂತು ಹೆಸರು ಹಿಡಿದು ಕರೆಯಿರಿ. ಮೊದಲ ವಾರ ನಾನು ಓದಿರಲಿಲ್ಲ. ಬೆಳಿಗ್ಗೆ ಮಾತ್ರೆ ಕೊಡೋಕೆ ಭುಜ ಮುಟ್ಟಿದೆ ಅಷ್ಟೇ, ಅವರ ಕೈ ನನ್ನ ಮಣಿಕಟ್ಟು ಹಿಡಿದದ್ದು ಇವತ್ತಿಗೂ ನೆನಪಿದೆ. ಎಪ್ಪತ್ತು ದಾಟಿದ ಕೈ ಅದು! ಕಣ್ಣು ಬಿಟ್ಟು ನಾನು ಯಾರು ಅಂತ ಗೊತ್ತಾದ ಕೂಡಲೇ ಚಿಕ್ಕ ಮಗುವಿನ ಹಾಗೆ ಅತ್ತು ಕ್ಷಮೆ ಕೇಳಿದರು. ಅವರು ವಿಯೆಟ್ನಾಂಗೆ ಹೋಗಿ ಬಂದವರು. ಇಷ್ಟಪಟ್ಟು ಹೋದದ್ದಲ್ಲ. ಇಪ್ಪತ್ತು ವರ್ಷದ ಹುಡುಗರ ಹುಟ್ಟಿದ ತಾರೀಕಿನ ಗೋಲಿಗಳನ್ನು ಪೆಟ್ಟಿಗೆಗೆ ಹಾಕಿ ತಿರುಗಿಸಿ ಎತ್ತುತ್ತಿದ್ದರಂತೆ ಆಗ, ಲಾಟರಿ ಥರ. ಇವರ ತಾರೀಕು ಎದ್ದಿತು.

ಓವೆನ್ ಅನ್ನುವ ಹೆಸರು ನಾನು ಮೊದಲು ಕೇಳಿದ್ದು ಅವರ ಬಾಯಲ್ಲಿ. ಯಾರಿಗೆ ಹೊಡೆದೆ, ಎಷ್ಟು ಹೊಡೆದೆ ಅಂತ ಒಂದು ದಿನವೂ ಹೇಳಲಿಲ್ಲ. ಅದರ ಭಾರ ಹೇಳುತ್ತಿದ್ದರು, ನಾಲ್ಕು ಕಿಲೋ ಮೇಲೆ, ದಿನವಿಡೀ ಹೊತ್ತು ಭುಜದ ಚರ್ಮ ಕಿತ್ತು ಹೋಗ್ತಿತ್ತು ಅಂತ. ಅದನ್ನು ಒರೆಸುವ ವಿಷಯ ಹೇಳುತ್ತಿದ್ದರು, ಚಹಾ ಕುಡಿಯುತ್ತಾ ಬೆರಳುಗಳು ತಾವಾಗಿಯೇ ಟವೆಲಿನ ಅಂಚನ್ನು ಒರೆಸುತ್ತಿದ್ದವು. ಒಂದು ಕಿವಿ ಪೂರ್ತಿ ಹೋಗಿತ್ತು, ಇನ್ನೊಂದರಲ್ಲಿ ಹಗಲೂ ರಾತ್ರಿ ಜೀರುಂಡೆ ಕೂಗಿದ ಸದ್ದು. ಪುಟ್ಟನ ಆಟದಲ್ಲಿ ಆ ಗನ್ನಿನ ಸದ್ದನ್ನು ಎಷ್ಟು ನಿಖರವಾಗಿ ರೆಕಾರ್ಡ್ ಮಾಡಿದ್ದಾರೋ ಏನೋ. ಐವತ್ತು ವರ್ಷದ ಮೇಲೂ ಕಿವಿಯೊಳಗೆ ಉಳಿಯುವ ಸದ್ದು ಅದರಲ್ಲಿಲ್ಲ. ಆನ್ಜಾಕ್ ದಿನ, ಏಪ್ರಿಲ್ 25, ಬೆಳಗಿನ ಜಾವ ಎಲ್ಲರೂ ಶ್ರೈನ್ ಆಫ್ ರಿಮೆಂಬ್ರೆನ್ಸ್‌ಗೆ ಹೋಗುತ್ತಾರೆ. ಇವರು ಹೋಗುತ್ತಿರಲಿಲ್ಲ. ಪದಕ ಡ್ರಾಯರಿನಲ್ಲಿ ಸಾಕ್ಸಿನ ಅಡಿ ಇತ್ತು.

ಇನ್ನೊಂದು ಸಿಡ್ನಿಯದು. ಯಾರು, ಯಾವಾಗ, ಯಾವ ಆಸ್ಪತ್ರೆ ಅಂತ ಹೇಳೋ ಹಾಗಿಲ್ಲ, ಹೇಳೋದೂ ಇಲ್ಲ. ಹೊಟ್ಟೆಗೆ ಗುಂಡು ಬಿದ್ದ ಒಬ್ಬರು ನಮ್ಮ ಸರ್ಜಿಕಲ್ ವಾರ್ಡಿಗೆ ಐಸಿಯುನಿಂದ ಬಂದರು. ಸಿನಿಮಾದಲ್ಲಿ ಗುಂಡು ತೆಗೆದು ತಟ್ಟೆಗೆ ಟಣ್ ಅಂತ ಹಾಕಿದರೆ ಮುಗೀತಲ್ಲ. ನಿಜವಾಗಿ ಮೊದಲ ದಿನ ಡಾಕ್ಟರು ಪೂರ್ತಿ ರಿಪೇರಿಗೆ ಹೋಗುವುದೇ ಇಲ್ಲ. ರಕ್ತ ನಿಲ್ಲಿಸೋದು, ಕರುಳಿನ ಹೊಲಸು ಹರಡದ ಹಾಗೆ ಕಟ್ಟೋದು, ಹೊಟ್ಟೆಯೊಳಗೆ ಪ್ಯಾಕ್ ಇಟ್ಟು ತೆರೆದೇ ಬಿಟ್ಟು ಐಸಿಯುಗೆ ಕಳಿಸೋದು. ಒಂದೆರಡು ದಿನ ಮೈ ಬಿಸಿ ಮಾಡಿ, ರಕ್ತ ಕೊಟ್ಟು, ಸ್ಥಿರವಾದ ಮೇಲೆ ಮತ್ತೆ ಥಿಯೇಟರು. ಮತ್ತೆ. ಕೆಲವೊಮ್ಮೆ ಮತ್ತೆ. ನಮ್ಮ ಹತ್ತಿರ ಬರುವಾಗ ಹೊಟ್ಟೆಯ ಪಕ್ಕದಲ್ಲಿ ಮಲಕ್ಕೆ ಚೀಲ, ಇನ್ನೊಂದು ಕಡೆ ಡ್ರೇನು. ಡ್ರೆಸ್ಸಿಂಗ್ ಬದಲಿಸಲು ನಾವಿಬ್ಬರು ನರ್ಸುಗಳು, ಮುಕ್ಕಾಲು ಗಂಟೆ, ಅದಕ್ಕೆ ಮೊದಲು ನೋವಿನ ಇಂಜೆಕ್ಷನ್ ಕೊಟ್ಟು ಅರ್ಧ ಗಂಟೆ ಕಾಯಬೇಕು. ಮೊದಲ ದಿನ ಹಾಸಿಗೆಯಿಂದ ಕುರ್ಚಿಗೆ ಮೂರು ಹೆಜ್ಜೆ ಇಟ್ಟದ್ದಕ್ಕೆ ನಾವೆಲ್ಲ ಚಪ್ಪಾಳೆ ತಟ್ಟಿದ್ದೆವು. ಚೀಲ ಸೋರಿದ ರಾತ್ರಿ ಅವರು ಗೋಡೆ ಕಡೆ ಮುಖ ಮಾಡಿ ಮಲಗಿದ್ದು, ಮಾತಾಡದೆ ನಾವು ಹಾಸಿಗೆ ಬದಲಿಸಿದ್ದು ನೆನೆದರೆ ಈಗಲೂ ಸಂಕಟ. ಅದು ಒಂದೇ ಒಂದು ಗುಂಡು. ಪುಟ್ಟನ ಲೆಕ್ಕದಲ್ಲಿ 'ಡ್ಯಾಮೇಜ್ ಕಮ್ಮಿ' ಅನ್ನುವ, ಪಿಸ್ತೂಲಿಗೂ ಸಬ್‌ಮಷಿನ್ ಗನ್ನಿಗೂ ಒಂದೇ ಆಗಿ ಬಳಸುವ ಗುಂಡು. ಓವೆನ್ನಿನ ಮೂರು ಸೆಕೆಂಡಿನಲ್ಲಿ ಅಂಥವು ಮೂವತ್ತಮೂರು.

ಈಗ ಭಾವನ ಕಡೆಗೆ ಬರ್ತೀನಿ. ಭಾವ, ಬೇಜಾರಾಗಬೇಡಿ, ಆದರೆ ಬೀಗ ಹಾಕಿದ್ದು ಸರಿಯಲ್ಲ ಅಂತ ನನ್ನ ಅನಿಸಿಕೆ. ಸರ್ಕಾರವೇ 2020ರ ಸೆಪ್ಟೆಂಬರಿನಲ್ಲಿ ಪಬ್‌ಜಿಗೆ ಬೀಗ ಹಾಕಿತು. ಮಾರನೇ ವರ್ಷ ಹೆಸರು ಬದಲಿಸಿ ಬಂತು. 2022ರಲ್ಲಿ ಮತ್ತೆ ತೆಗೆಸಿದರು, 2023ರಲ್ಲಿ ಮತ್ತೆ ಬಂತು. ದೆಹಲಿಯ ಬೀಗವೇ ನಿಲ್ಲಲಿಲ್ಲ, ನಿಮ್ಮ ಬೀರುವಿನ ಬೀಗ ಎಷ್ಟು ದಿನ? ಬಸ್‌ಸ್ಟ್ಯಾಂಡಿನ ಹಿಂದೆ ಗೆಳೆಯನ ಫೋನಿನಲ್ಲಿ ಆಡುತ್ತಾನೆ, ಆಗ ನಿಮಗೆ ಕೂಗಿದ್ದೂ ಕೇಳಿಸಲ್ಲ. ಹೊತ್ತಿಗೆ ಮಿತಿ ಹಾಕಿ, ಅದು ಬೇರೆ. ರಾತ್ರಿ ಹತ್ತರ ಮೇಲೆ ಫೋನ್ ನಿಮ್ಮ ಕೋಣೆಯಲ್ಲಿರಲಿ. ನಿದ್ದೆಗೆಟ್ಟ ಹುಡುಗ ಯಾವ ಆಟ ಆಡಿದರೂ ಸಿಡುಕುತ್ತಾನೆ, ನೈಟ್ ಡ್ಯೂಟಿ ಮಾಡುವ ನನಗೆ ಇದು ಚೆನ್ನಾಗಿ ಗೊತ್ತು.

ಬಂದೂಕು ಅಂದರೆ ಏನು ಅಂತ ಮಕ್ಕಳಿಗೆ ಕಲಿಸುವ ಕ್ರಮ ನಮ್ಮ ಮನೆಯಲ್ಲೇ ಇತ್ತಲ್ಲ. ಅಪ್ಪನ ಜೋಡುನಳಿಗೆ ಕೋವಿ ನೆನಪಿದೆಯಾ ಅಕ್ಕ? ಹಂದಿ ಕಾಟಕ್ಕೆ ಅಂತ ಲೈಸೆನ್ಸ್. ತೋಟಾ ಬೇರೆ ಪೆಟ್ಟಿಗೆಯಲ್ಲಿ, ಬೀಗದ ಕೈ ಅಪ್ಪನ ಉಡಿದಾರದಲ್ಲಿ. ಖಾಲಿ ಕೋವಿಯನ್ನೂ ಮನುಷ್ಯರ ಕಡೆ ತಿರುಗಿಸಿದರೆ ಬೆನ್ನಿಗೆ ಬೀಳುತ್ತಿತ್ತು. ಚುನಾವಣೆ ಬಂದಾಗ ಗೋಣಿಯಲ್ಲಿ ಸುತ್ತಿ ಸ್ಟೇಷನ್ನಿಗೆ ಕೊಟ್ಟು ಬರೋದು, ಮುಗಿದ ಮೇಲೆ ತರೋದು. ನಮಗೆ ಕೋವಿ ಮೇಲೆ ಆಸೆಯೂ ಇರಲಿಲ್ಲ, ಅತಿ ಹೆದರಿಕೆಯೂ ಇರಲಿಲ್ಲ. ಅದರ ಭಾರ ಗೊತ್ತಿತ್ತು. 2005ರ ಹೊತ್ತಿಗೆ ಮೆಣಸಿನಹಾಡ್ಯದ ಎನ್‌ಕೌಂಟರ್ ಆಗಿ ಪೊಲೀಸ್ ಜೀಪುಗಳು ಓಡಾಡುವಾಗ, ಶಾಲೆ ಬಿಟ್ಟು ಕತ್ತಲಾಗುವ ಮೊದಲು ಮನೆ ಸೇರಿ ಅಂತಿದ್ದರಲ್ಲ, ಆಗ ಅಜ್ಜಿ ಸ್ಟೆನ್ ಗನ್ ಅನ್ನುವ ಮಾತು ತೆಗೆದು ಅತ್ತದ್ದು ನನಗೆ ನೆನಪಿದೆ. ಅಜ್ಜಿಗೆ ಗೊತ್ತಿದ್ದ ಸಬ್‌ಮಷಿನ್ ಗನ್ ಅದೊಂದೇ. 1984ರ ಅಕ್ಟೋಬರ್ 31ರಂದು ರೇಡಿಯೋದಲ್ಲಿ ಕೇಳಿದ್ದು. 1978ರಲ್ಲಿ ನಮ್ಮ ಚಿಕ್ಕಮಗಳೂರಿನಿಂದ ಗೆದ್ದ ಇಂದಿರಮ್ಮನನ್ನು ಕಾಯಬೇಕಾದವರೇ ಕೊಂದ ಬಂದೂಕು. ಅಜ್ಜಿಗೆ ಅದರ ರಿಕಾಯಿಲ್ ಗೊತ್ತಿರಲಿಲ್ಲ. ಯಾರು ಹೋದರು ಅಂತ ಗೊತ್ತಿತ್ತು.

ಪುಟ್ಟ ಇನ್ನೊಂದು ಬೇಡಿಕೆ ಇಟ್ಟಿದ್ದಾನೆ. ಬರುವಾಗ ಆಸ್ಟ್ರೇಲಿಯಾದಿಂದ ಜೆಲ್ ಬ್ಲಾಸ್ಟರ್ ತರಬೇಕಂತೆ, ನೀರಿನ ಗೋಲಿ ಹಾರಿಸುವ ಆಟದ ಗನ್ನು, ನೋಡಲು ಥೇಟ್ ಅಸಲಿ. ನಮ್ಮ ನ್ಯೂ ಸೌತ್ ವೇಲ್ಸ್‌ನಲ್ಲೂ ವಿಕ್ಟೋರಿಯಾದಲ್ಲೂ ಅದನ್ನು ಲೈಸೆನ್ಸ್ ಇಲ್ಲದೆ ಇಟ್ಟುಕೊಂಡರೆ ನಿಜವಾದ ಬಂದೂಕು ಇಟ್ಟುಕೊಂಡ ಹಾಗೇ ಕೇಸು. ಕ್ವೀನ್ಸ್‌ಲ್ಯಾಂಡಿನಲ್ಲಿ ಸ್ವಲ್ಪ ಸಡಿಲ. ಇಷ್ಟು ಬಿಗಿ ಯಾಕೆ ಅಂದರೆ ಈ ದೇಶ 1996ರ ಏಪ್ರಿಲ್ 28 ಕಂಡಿದೆ. ಟಾಸ್ಮೇನಿಯಾದ ಪೋರ್ಟ್ ಆರ್ಥರ್‌ನಲ್ಲಿ ಒಬ್ಬನೇ ಮನುಷ್ಯ 35 ಜನರನ್ನು ಕೊಂದ. ಹನ್ನೆರಡೇ ದಿನದಲ್ಲಿ ಎಲ್ಲ ರಾಜ್ಯಗಳೂ ಕೂತು ಒಪ್ಪಂದ ಮಾಡಿಕೊಂಡವು, ಜನರಿಂದ ಆರು ಲಕ್ಷಕ್ಕೂ ಹೆಚ್ಚು ಬಂದೂಕು ದುಡ್ಡು ಕೊಟ್ಟು ವಾಪಸ್ ಪಡೆದು ಕತ್ತರಿಸಿ ಹಾಕಿದರು. ಆದರೆ ಇದೇ ದೇಶ 2013ರ ಜನವರಿಯಿಂದ ದೊಡ್ಡವರಿಗೆ ಅಂತ ಆರ್ 18+ ಗುರುತು ಹಾಕಿ ಗೇಮುಗಳಿಗೆ ಅವಕಾಶ ಕೊಟ್ಟಿತು, ಅದಕ್ಕಿಂತ ಮೊದಲು ಅಂಥ ಆಟಗಳಿಗೆ ಪರವಾನಗಿಯೇ ಸಿಗುತ್ತಿರಲಿಲ್ಲ. ಕಬ್ಬಿಣದ ಬಂದೂಕಿಗೆ ಕೈ ಬಿಗಿ, ಪರದೆಯ ಬಂದೂಕಿಗೆ ವಯಸ್ಸಿನ ಗೆರೆ. ನನಗೆ ಇದು ಸರಿ ಅನ್ನಿಸುತ್ತೆ. ನಮ್ಮಲ್ಲಿ ಇದರ ಉಲ್ಟಾ ಆಗ್ತಿದೆ, ಫೋನಿಗೆ ಬೀಗ ಹಾಕುವ ಮನೆಯಲ್ಲೇ ಮದುವೆ ದಿಬ್ಬಣದಲ್ಲಿ ಗಾಳಿಗೆ ಗುಂಡು ಹಾರಿಸಿದ ವಿಡಿಯೋ ಫಾರ್ವರ್ಡ್ ಮಾಡಿ ನಗುವವರಿದ್ದಾರೆ. ಯಾರು ಅಂತ ಹೇಳಲ್ಲ. ಫ್ಯಾಮಿಲಿ ಗ್ರೂಪ್ ನೋಡಿಕೊಳ್ಳಿ.

ಓವೆನ್ ಕಥೆಯ ಕೊನೆ ಪುಟ್ಟನಿಗೆ ಮೊನ್ನೆ ಮೆಸೇಜ್ ಮಾಡಿದೆ. ಪೇಟೆಂಟಿನಿಂದ ಬಂದ ಹಣದಲ್ಲಿ ಆತ ಮರ ಕೊಯ್ಯುವ ಮಿಲ್ಲು ಹಾಕಿದ. ಕುಡಿತ ಜಾಸ್ತಿ ಆಯ್ತು. 1949ರಲ್ಲಿ ವೊಲೊಂಗಾಂಗ್‌ನ ಆಸ್ಪತ್ರೆಯಲ್ಲಿ ತೀರಿಹೋದಾಗ ಅವನಿಗೆ 33 ವರ್ಷ. ಮ್ಯಾಗಜಿನ್ನಿನ ಗುಂಡಿನಷ್ಟೇ, ನನಗಿಂತ ಚಿಕ್ಕವ. ರಾತ್ರಿ ಪಾಳಿಯಲ್ಲಿ ಯಾವ ನರ್ಸ್ ಇದ್ದಳೋ ಅಂತ ನನಗೆ ಯೋಚನೆ ಬಂತು, ನಮ್ಮ ಬುದ್ಧಿ ಹೋಗೋದೇ ಆ ಕಡೆ.

ಪುಟ್ಟ ಅದಕ್ಕೆ ಏನೂ ಅನ್ನಲಿಲ್ಲ. ಅಕ್ಕನ ಫೋನಿನಿಂದ ನಿನ್ನೆ ಒಂದೇ ಸಾಲು ಕಳಿಸಿದ್ದಾನೆ: "ಚಿಕ್ಕಿ, ನಿಜವಾಗ್ಲೂ ಗುಂಡು ಬಿದ್ರೆ ವಾಸಿ ಆಗಕ್ಕೆ ಎಷ್ಟು ದಿನ?"

ಅಕ್ಕ, ಭಾನುವಾರ ನನಗೆ ರಜೆ. ಸಂಜೆ ನಾಲ್ಕಕ್ಕೆ ವಿಡಿಯೋ ಕಾಲ್ ಮಾಡ್ತೀನಿ, ಅವನ ಫೋನ್ ಅವನ ಕೈಗೆ ಕೊಡು. ಭಾವನೂ ಪಕ್ಕದಲ್ಲಿ ಕೂರಲಿ. ಕಾಫಿ ತಿಂಡಿ ಮಾತ್ರ ಮೊದಲೇ ಮುಗಿಸಿಕೊಂಡಿರಿ.